ಸಾಹುಕಾರರು ಮರೆಯದ ಮುಖ

ನನ್ನಷ್ಟು ಬುದ್ಧಿವಂತ ಈ ಜಿಲ್ಲೆಯಲ್ಲೇ ಇಲ್ಲ. ಬೇರೆ ಯಾರೂ ಹೇಳೋದಿಲ್ಲವಾದ್ದರಿಂದ ನಾನೇ ಹೇಳಬೇಕು. ಆಗ ನನ್ನದೊಂದು ಕ್ಷೌರದಂಗಡಿ ಇತ್ತು. ಸಾಹುಕಾರ ರುದ್ರಮುನಿಯಪ್ಪನವರನ್ನು ಕತ್ತಲಲ್ಲಿ ಯಾರೋ ಚಾಕು ತೋರಿಸಿ ದೋಚಿದರು. ಪೊಲೀಸರು ಹಿಡಿದದ್ದು ಏನೂ ಅರಿಯದ ನನ್ನ ಅಕ್ಕನ ಮಗ ತಿಪ್ಪೇಶನನ್ನು!

"ಒಮ್ಮೆ ಕಂಡ ಮುಖ ನಾನು ಮರೆಯೋನಲ್ಲ. ನಾಳೆ ಪೊಲೀಸರು ಅವನನ್ನ ಬೇರೆ ಜನರ ಜೊತೆ ಸಾಲಲ್ಲಿ ನಿಲ್ಲಿಸಲಿ, ಬೆರಳು ತೋರಿಸಿ ಜೈಲಿಗೆ ಕಳಿಸ್ತೀನಿ" ಅಂತ ಸಾಹುಕಾರರು ಊರೆಲ್ಲ ಸಾರಿದರು. ಬೇರೆ ಸಾಕ್ಷಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕ್ಷೌರಕ್ಕೆ ಬಂದರು. ಎಂದೂ ನನ್ನ ಮುಖ ನೋಡಿದವರಲ್ಲ, ಕನ್ನಡಿಯಲ್ಲಿ ತಮ್ಮದನ್ನೇ ನೋಡುವವರು. ಅಂದು ನಾನು ಕನ್ನಡಿಗೆ ಅಡ್ಡ ನಿಂತು, ಮೂಗಿಗೆ ಮೂಗು ತಾಗುವಷ್ಟು ಬಗ್ಗಿ, ಕಣ್ಣರಳಿಸಿ ಗಡ್ಡ ಹೆರೆದೆ. ಪೊಲೀಸರು ತಿಪ್ಪೇಶನ ಜೊತೆ ಸಾಲಲ್ಲಿ ನಿಲ್ಲಿಸಲು ಜನ ಹುಡುಕುತ್ತಿದ್ದರು. ಕ್ಷೌರ ಮುಗಿಸಿ ಓಡಿಹೋಗಿ ನಾನೂ ನಿಂತೆ.

ಸಾಹುಕಾರರು ತಿಪ್ಪೇಶನನ್ನು ದಾಟಿ ಬಂದು ನನ್ನತ್ತ ಬೆರಳು ತೋರಿಸಿದರು. "ಇವನೇ! ನನ್ನ ಕುತ್ತಿಗೆಗೆ ಕತ್ತಿ ಹಿಡಿದವನು ಇವನೇ!"

"ಹಿಡಿದದ್ದು ನಿಜ ಬುದ್ಧೀ, ಇವತ್ತು ಬೆಳಿಗ್ಗೆ. ನಿಮ್ಮ ಕಿವಿ ಹತ್ತಿರ ಸೋಪು ಇನ್ನೂ ಒಣಗಿಲ್ಲ" ಅಂದೆ.

ಗುರುತು ಹಿಡಿಸುವ ಪರೇಡ್ ನಡೆಸುತ್ತಿದ್ದ ತಹಶೀಲ್ದಾರರು ನಗು ಬಚ್ಚಿಡಲು ಜೋರಾಗಿ ಕೆಮ್ಮಿದರು. ತಿಪ್ಪೇಶ ಬಿಡುಗಡೆಯಾದ. ಸಾಹುಕಾರರು ಕ್ಷೌರದಂಗಡಿಗೆ ಹೆದರಿ ಗಡ್ಡ ಬಿಟ್ಟರು. ಈಗ ಅವರು ಗೇಟು ತೆಗೆದರೆ ಸ್ವಂತ ನಾಯಿಯೇ ಗುರುತು ಸಿಗದೆ ಬೊಗಳುತ್ತದೆ.