ಹಗುರ ಮೊರದ ಬಾಗಿನ

ಮುಖ ಆ ಕಡೆ ತಿರುಗಿಸಿಕೊಂಡು ಮಲಗಬೇಡ, ಈ ಕಡೆ ತಿರುಗು. ಎದುರುಮನೆ ಹುಡುಗನ ಕುಂಡದಲ್ಲಿ ಚಿಟ್ಟೆ ಹುಟ್ಟಿತು, ನಮ್ಮ ಕುಂಡದಲ್ಲಿ ಹುಟ್ಟಲಿಲ್ಲ ಅಂತ ಊಟ ಬಿಟ್ಟರೆ ಹೇಗೆ? ಹೊಟ್ಟೆಯಲ್ಲಿ ಅನ್ನ ಇಲ್ಲದೆ ಬರೀ ಕಿಚ್ಚು ಇಟ್ಟುಕೊಂಡರೆ ನಿದ್ದೆ ಬರಲ್ಲ. ನಿನ್ನ ಹಾಗೇ ಚಿಟ್ಟೆಗೋಸ್ಕರ ಹೊಟ್ಟೆಕಿಚ್ಚು ಪಟ್ಟವಳು ಒಬ್ಬಳಿದ್ದಳು, ಅವಳ ಕತೆ ಹೇಳ್ತೀನಿ. ಇದು ನಮ್ಮಜ್ಜಿ ನನಗೆ ಹೇಳಿದ್ದು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು, ಅಜ್ಜಿ ಹೇಳಿದರು ಅಂತ ಎಲ್ಲವನ್ನೂ ನಂಬೋಳಲ್ಲ. ಹುಳದ ವಿಷಯ ಬರೋ ಕಡೆಯೆಲ್ಲ ನಮ್ಮ ಮಹಡಿ ಮೇಲಿನ ಗಿಡದಲ್ಲಿ ನೋಡಿ, ತಾರೀಖು ಹಾಕಿ ಬರೆದಿಟ್ಟು, ಸರಿ ಅಂತ ಖಾತ್ರಿ ಮಾಡಿಕೊಂಡಿದೀನಿ. ನೀನು ಹೂಂ ಅಂತಿರಬೇಕು.

ಒಂದಾನೊಂದು ಕಾಲದಲ್ಲಿ, ಹಿತ್ತಲಿಂದ ಹಿತ್ತಲಿಗೆ ಮಾತು ಹರಿದಾಡುತ್ತಿದ್ದ ಕಾಲದಲ್ಲಿ, ಒಂದು ಊರಲ್ಲಿ ಮೂವರು ಅಣ್ಣತಮ್ಮಂದಿರು, ಅವರಿಗೆ ಮೂವರು ಹೆಂಡತಿಯರು ಇದ್ದರಂತೆ. ಗಂಡಸರು ಗಾಡಿ ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗೋರು, ಕತೆಯಲ್ಲಿ ಅವರ ಕೆಲಸ ಅಷ್ಟೆ. ಆಮೇಲೆ ಒಲೆ ಬೇರೆಯಾಯಿತಂತೆ, ಹಿತ್ತಲಿಗೂ ಸೊಂಟದೆತ್ತರದ ಮಣ್ಣಿನ ಗೋಡೆ ಹಾಕಿ ಮೂರು ಪಾಲು ಮಾಡಿದರಂತೆ. ಹಿರಿಯವಳು ದೇವೀರಮ್ಮ, ಅವಳ ಪಾಲಿಗೆ ಬಾವಿ ಮತ್ತು ಒಂದು ದೊಡ್ಡ ಕರಿಬೇವಿನ ಮರ. ನಡುವಿನವಳು ಸಾಕಮ್ಮ, ಅವಳಿಗೆ ದನದ ಕೊಟ್ಟಿಗೆ. ಕಿರಿಯವಳು ಚೆಲುವಾಜಿ, ಅವಳಿಗೆ ಮೂಲೆಯ ಕಲ್ಲುನೆಲ, ಅರ್ಧ ಒಣಗಿದ ನಿಂಬೆ ಗಿಡ, ಯಾರೂ ನೆಡದೆ ತಾನೇ ಬೆಳೆದ ಎಕ್ಕ.

ದೇವೀರಮ್ಮನಂಥ ಕೆಲಸಗಾರ್ತಿ ಆ ಬೀದಿಯಲ್ಲೇ ಇರಲಿಲ್ಲವಂತೆ. ಅವಳ ಕರಿಬೇವಿನ ಎಲೆಯಲ್ಲಿ ಒಂದು ತೂತು ಹುಡುಕಿಕೊಟ್ಟರೆ ಒಂದು ಸೇರು ಬೆಲ್ಲ ಕೊಡ್ತೀನಿ ಅಂತ ಪಂಥ ಕಟ್ಟೋಳಂತೆ. ಬೀದಿಯವರೆಲ್ಲ ಒಗ್ಗರಣೆಗೆ ಅವಳ ಮನೆ ಮುಂದೆಯೇ ನಿಲ್ಲಬೇಕು. ದಿನಾ ಬೆಳಿಗ್ಗೆ, ಮಗಳು ಏಳೋದರೊಳಗೆ, ಒಂದು ಒಡಕು ಮಡಕೆ ಹಿಡಿದು ಮರದ ಹುಳವನ್ನೆಲ್ಲ ಆರಿಸಿ ಕೋಳಿಗಳಿಗೆ ಹಾಕೋಳಂತೆ. ಅವಳು ಮಡಕೆ ಹಿಡಿದರೆ ಸಾಕು, ಕೋಳಿಗಳು ಸಾಲಾಗಿ ಬಂದು ನಿಲ್ಲೋವಂತೆ.

ಚೆಲುವಾಜಿ ಸೋಮಾರಿ. ನಿಜವಾಗಿ ಸೋಮಾರಿ, ಕತೆಗೋಸ್ಕರ ಹೇಳ್ತಿಲ್ಲ. ಗುಡಿಸಿದರೆ ಅರ್ಧ ಗುಡಿಸಿ ಕೂತುಬಿಡೋಳು. ಪಾತ್ರೆ ತೊಳೆದ ನೀರು ಅಲ್ಲೇ ಹರಿದು ಮೂಲೆಯ ಮಣ್ಣು ಯಾವಾಗಲೂ ಒದ್ದೆ. ಕೊಳೆತ ಬಾಳೆಹಣ್ಣಿನ ಸಿಪ್ಪೆ ಕಲ್ಲಿನ ಮೇಲೆ. ನಿಂಬೆ ಗಿಡದಲ್ಲಿ ಹುಳ, ಎಕ್ಕದಲ್ಲಿ ಪಟ್ಟೆಪಟ್ಟೆ ಹುಳ. ಏನೇ ಇದು, ತೆಗೀಬಾರದಾ ಅಂತ ದೇವೀರಮ್ಮ ಗೋಡೆಯಾಚೆಯಿಂದ ಗದರಿದರೆ, ತಿನ್ನಲಿ ಬಿಡಿ ಅಕ್ಕ, ನನಗೆ ನಾಲ್ಕು ಎಲೆ ಉಳಿಸಿದರೆ ಸಾಕು ಅನ್ನೋಳಂತೆ.

ಮತ್ತೆ ಚಿಟ್ಟೆಗಳು ಎಲ್ಲಿಗೆ ಬಂದಾವು, ನೀನೇ ಹೇಳು. ಒದ್ದೆ ಮಣ್ಣಿನ ಮೇಲೆ ಹಳದಿ ಚಿಟ್ಟೆಗಳು ಸಂತೆ ಕೂತ ಹಾಗೆ ಕೂರೋವಂತೆ. ಬಾಳೆಸಿಪ್ಪೆಯ ಮೇಲೆ ಕಂದು ಬಣ್ಣದವು, ಎಕ್ಕದ ಸುತ್ತ ಕಿತ್ತಳೆ ಬಣ್ಣದವು. ಅಷ್ಟೇ ಆಗಿದ್ದರೆ ದೇವೀರಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ. ಅವಳಿಗೆ ಒಬ್ಬಳೇ ಮಗಳು, ಮುತ್ತಿ ಅಂತ, ನಿನ್ನಷ್ಟೇ ಇದ್ದಳು. ಎದ್ದ ತಕ್ಷಣ ಗೋಡೆ ಹತ್ತಿ ಆಚೆಗೆ ಇಳಿದರೆ, ಕತ್ತಲಾದ ಮೇಲೆ ಈಚೆಗೆ. ಊಟಕ್ಕೆ ಬಾರೆ ಅಂದರೆ, ಇರವ್ವ, ಅದು ಇನ್ನೂ ಕೂತಿದೆ ಅನ್ನೋಳು. ಚಿಕ್ಕವ್ವನ ತಟ್ಟೆಯಲ್ಲೇ ಉಂಡುಬಿಡೋಳು. ಅವ್ವ, ಚಿಕ್ಕವ್ವನ ಮನೆ ಹುಳಕ್ಕೆ ರೆಕ್ಕೆ ಬಂತು ಅಂತ ಒಂದು ದಿನ ಓಡಿಬಂದು ಹೇಳಿದಳಂತೆ. ನಿನ್ನ ಚಿಕ್ಕವ್ವನ ತಲೆಗೆ ಬಂದಿರಬೇಕು ರೆಕ್ಕೆ, ಹೋಗಿ ಕೈ ತೊಳಕೋ ಅಂದಳಂತೆ ದೇವೀರಮ್ಮ. ಆಮೇಲೆ ಮುತ್ತಿ ಆ ಮಾತು ಎತ್ತಲೇ ಇಲ್ಲ.

ಸಾಕಮ್ಮ ಸಗಣಿ ತಟ್ಟುತ್ತಾ ಎರಡು ಕಡೆಯೂ ನೋಡೋಳಂತೆ. ಅವಳ ಕೊಟ್ಟಿಗೆ ಇಬ್ಬರ ಹಿತ್ತಲಿಗೂ ತಾಗಿತ್ತಲ್ಲವೇ, ಎರಡು ಕಡೆಯ ಮಾತೂ ಕಿವಿಗೆ ಬೀಳೋದು. ಏನಕ್ಕ, ಹಿತ್ತಲು ಪಾಲು ಮಾಡುವಾಗ ಮಗಳನ್ನೂ ಪಾಲಿಗೆ ಹಾಕಿದ್ದಿರಾ, ನನಗೆ ಗೊತ್ತೇ ಆಗಲಿಲ್ಲವಲ್ಲ ಅಂದಳಂತೆ. ಆ ಮಾತು ದೇವೀರಮ್ಮನ ಎದೆಗೆ ಮುಳ್ಳು ಚುಚ್ಚಿದ ಹಾಗೆ ಚುಚ್ಚಿತಂತೆ. ಹೆತ್ತವಳು ನಾನು, ಬೆನ್ನು ಬಗ್ಗಿಸಿ ದುಡಿಯೋಳು ನಾನು, ಆ ಅರ್ಧ ಗುಡಿಸೋಳ ಹತ್ತಿರ ನನ್ನ ಮಗು ಕೂರಬೇಕಾ? ಚಿಟ್ಟೆ ನನ್ನ ಹಿತ್ತಲಿಗೆ ಬಂದರೆ ಮಗಳೂ ಬರ್ತಾಳೆ ಅಂತ ತೀರ್ಮಾನ ಮಾಡಿದಳಂತೆ.

ಮೊದಲನೇ ಸಲ ಹೂವು ಹಾಕಿದಳು. ತವರಿನಿಂದ ಚೆಂಡುಹೂವು, ಸೇವಂತಿಗೆ, ಕನಕಾಂಬರ, ಕೆಂಪು ದಾಸವಾಳ ಎಲ್ಲ ತಂದು, ಬಾವಿಯಿಂದ ಸೇದಿ ಸೇದಿ ನೀರು ಹಾಕಿ, ಅಂಗೈ ಬೊಬ್ಬೆ ಬರಿಸಿಕೊಂಡಳಂತೆ. ಹಿತ್ತಲು ತುಂಬ ಹೂ ಬಿಟ್ಟಿತಂತೆ. ಚಿಟ್ಟೆ ಬಂದವಾ? ಬಂದವು. ಹಿಂದೆಯೇ ಮುತ್ತಿಯೂ ಬಂದಳು. ದೇವೀರಮ್ಮ ಬಾಗಿಲ ಮರೆಯಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡಳಂತೆ. ಆಮೇಲೆ ಚಿಟ್ಟೆಗಳು ಹೂವಿಂದ ಹೂವಿಗೆ ಹಾರಿ, ಹೊಟ್ಟೆ ತುಂಬ ಕುಡಿದು, ಗೋಡೆ ದಾಟಿ ಹೋದವಂತೆ. ಅವುಗಳ ಹಿಂದೆ ಮುತ್ತಿ. ಛತ್ರಕ್ಕೆ ಉಂಡು ಹೋಗೋಕೆ ಬಂದಂಗೆ ಬಂದು ಹೋದವಲ್ಲಕ್ಕ ಅಂದಳಂತೆ ಸಾಕಮ್ಮ.

ಎರಡನೇ ಸಲ ಹಿಡಿದು ಇಟ್ಟುಕೊಳ್ಳೋಕೆ ನೋಡಿದಳು. ಒಂದು ತೆಳುವಾದ ಹಳೇ ಸೀರೆ ತಂದು, ಚಿಟ್ಟೆಗಳು ಹೂವಿನ ಮೇಲೆ ಕೂತಿದ್ದಾಗ ಪಾತಿಯ ಮೇಲೆ ಚಪ್ಪರದ ಹಾಗೆ ಹೊದಿಸಿ, ಸುತ್ತ ಕಲ್ಲು ಇಟ್ಟುಬಿಟ್ಟಳಂತೆ. ಬಾ ಮುತ್ತಿ, ನೋಡು, ಇವು ಎಲ್ಲಿಗೂ ಹೋಗಲ್ಲ, ನಮ್ಮವೇ ಅಂದಳಂತೆ. ಮುತ್ತಿ ಬಂದು ನೋಡಿದಳು. ಚಿಟ್ಟೆಗಳು ಬಟ್ಟೆಗೆ ಬಡಿದು ಬಡಿದು ಒಳಗೆಲ್ಲ ಪಟಪಟ ಅನ್ನುತ್ತಿತ್ತಂತೆ. ಒಂದೊಂದೇ ಕಲ್ಲು ಎತ್ತಿಹಾಕಿ ಸೀರೆ ಎಳೆದು ಬಿಸಾಕಿ, ಗೋಡೆ ಹತ್ತಿ ಹೋದಳು. ಆವತ್ತು ಚಿಕ್ಕವ್ವನ ಮಗ್ಗುಲಲ್ಲೇ ಮಲಗಿದಳಂತೆ. ದೇವೀರಮ್ಮ ಸೀರೆ ಝಾಡಿಸಿದರೆ ಅಂಗೈಗೆ ಹಳದಿ, ಕಪ್ಪು, ಕಿತ್ತಳೆ ಪುಡಿ ಅಂಟಿತಂತೆ. ಒಂದು ಗಳಿಗೆ ಅದನ್ನೇ ನೋಡುತ್ತಾ ನಿಂತಳಂತೆ. ಆಮೇಲೆ, ಎಲ್ಲ ಆ ಸೋಮಾರಿಯಿಂದ ಅಂತ ಕೈ ತೊಳೆದುಕೊಂಡಳಂತೆ.

ಹೂಂ ಅನ್ನು. ನಿದ್ದೆ ಬಂತಾ? ಇಲ್ಲ ತಾನೆ. ಈಗ ಮೂರನೇದು.

ಗೌರಿ ಹಬ್ಬ ಬಂತಂತೆ. ಹಿರಿಯವಳಾದ ದೇವೀರಮ್ಮ ಇಬ್ಬರು ವಾರಗಿತ್ತಿಯರಿಗೂ ಬಾಗಿನ ಕೊಡಬೇಕು. ಸಾಕಮ್ಮನ ಮೊರಕ್ಕೆ ಅಕ್ಕಿ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ ಎಲ್ಲ ತುಂಬಿದಳು. ಚೆಲುವಾಜಿಯ ಮೊರಕ್ಕೆ ಏನು ಹಾಕಿದಳು ಗೊತ್ತಾ? ಒಡಕು ಮಡಕೆ ಹಿಡಿದು ಕರಿಬೇವಿನ ಮರಕ್ಕೆ ಹೋಗಿ, ಹಸಿರು ಹಸಿರಾಗಿ ಕೊಬ್ಬಿದ ಹುಳಗಳನ್ನೇ ಹುಡುಕಿ, ಕೊಂಬೆ ಸಮೇತ ಕಿತ್ತು ತುಂಬಿದಳಂತೆ. ಮುಟ್ಟಿದರೆ ಆ ಹುಳ ತಲೆಯಿಂದ ಕೆಂಪು ಕೊಂಬು ಚಾಚಿ ಒಂಥರಾ ಕೆಟ್ಟ ವಾಸನೆ ಬಿಡುತ್ತೆ, ಅದು ನಿಜ, ನಾನೇ ನೋಡಿದೀನಿ. ಮೇಲೆ ಇನ್ನೊಂದು ಮೊರ ಮುಚ್ಚಿ, ಅರಿಶಿನದ ದಾರದಲ್ಲಿ ಬಿಗಿಯಾಗಿ ಕಟ್ಟಿದಳಂತೆ. ಬೀದಿ ಹೆಂಗಸರ ಮುಂದೆ ಬಿಚ್ಚುತ್ತಾಳೆ, ಹುಳ ಮೈಮೇಲೆ ಹರಿಯುತ್ತೆ, ಅಪಶಕುನದವಳು ಅಂತ ಎಲ್ಲರೂ ದೂರ ಸರಿಯುತ್ತಾರೆ, ನನ್ನ ಮಗಳೂ ಹೆದರಿ ಓಡಿ ಬರುತ್ತಾಳೆ ಅಂತ ಅವಳ ಲೆಕ್ಕ.

ಸೆರಗು ಮುಚ್ಚಿ ಕೊಟ್ಟಳು, ಚೆಲುವಾಜಿ ಸೆರಗೊಡ್ಡಿ ತೆಗೆದುಕೊಂಡಳು. ಹಗುರ ಇದೆಯಲ್ಲ ಅಕ್ಕ ಅಂದಳಂತೆ. ನಿನ್ನ ಭಾಗ್ಯದಷ್ಟೇ ಇದೆ ಅಂದಳಂತೆ ದೇವೀರಮ್ಮ. ಮಕ್ಕಳಿಲ್ಲದವಳಿಗೆ ಅದೆಂಥ ಮಾತು ನೋಡು. ಚೆಲುವಾಜಿ ತಲೆ ತಗ್ಗಿಸಿಕೊಂಡು ಮೊರವನ್ನು ಗೌರಿಯ ಮುಂದೆ ಇಟ್ಟಳಂತೆ.

ಆ ಊರಲ್ಲಿ ಒಂದು ಪದ್ಧತಿ. ಗೌರಿಯನ್ನು ಕೆರೆಗೆ ಬಿಡೋವರೆಗೂ ಬಾಗಿನ ಬಿಚ್ಚಬಾರದು. ಆ ವರ್ಷ ಕೆರೆಯಲ್ಲಿ ನೀರಿರಲಿಲ್ಲವಂತೆ. ಒಂದು ಮಳೆ ಬರಲಿ, ಆಮೇಲೆ ಬಿಡೋಣ ಅಂತ ಊರವರು ಗೌರಿಯನ್ನು ಕೂರಿಸಿಕೊಂಡೇ ಕಾದರಂತೆ. ಇವತ್ತು ಬರಲಿಲ್ಲ, ನಾಳೆ ಬರಲಿಲ್ಲ, ಹೀಗೇ ಎರಡು ವಾರ ದಾಟಿತಂತೆ. ದೇವೀರಮ್ಮನಿಗೆ ದಿನ ಕಳೆದ ಹಾಗೆಲ್ಲ ಒಂದು ಹೆದರಿಕೆ ಶುರುವಾಯಿತು. ಮೊರ ಬಿಚ್ಚುವಾಗ ಮುತ್ತಿ ಅಲ್ಲೇ ಇರುತ್ತಾಳೆ. ಇದನ್ನು ಯಾರು ಕೊಟ್ಟರು ಅಂತ ಕೇಳುತ್ತಾಳೆ. ಆಗ? ಗೋಡೆ ಹತ್ತಿರ ಹೋಗಿ, ಚೆಲುವಾಜಿ, ಆ ಮೊರ ಅದಲುಬದಲಾಗಿದೆ, ಸ್ವಲ್ಪ ಕೊಡು ಅಂದಳಂತೆ. ಅಯ್ಯೋ, ಗೌರಿ ಹೋಗೋವರೆಗೂ ಬಾಗಿನ ಕದಲಿಸಬಾರದು ಅಂತ ನೀವೇ ಅಲ್ಲವಾ ಅಕ್ಕ ನನಗೆ ಕಲಿಸಿದ್ದು ಅಂದಳಂತೆ ಅವಳು.

ಆಮೇಲೆ ಮಳೆ ಬಂತು, ಕೆರೆಗೆ ನೀರು ಬಂತು, ಗೌರಿಯನ್ನು ಬಿಟ್ಟು ಬಂದರಂತೆ. ಹೆಂಗಸರೆಲ್ಲ ಚೆಲುವಾಜಿಯ ಹಿತ್ತಲಲ್ಲಿ ಕೂತರು. ಸಾಕಮ್ಮ ಮುಂದೆಯೇ ಕೂತಳು, ನೋಡೋಕೆ. ಮುತ್ತಿ ಚಿಕ್ಕವ್ವನ ಮೊಣಕಾಲಿಗೆ ಅಂಟಿಕೊಂಡು ಕೂತಳು. ದೇವೀರಮ್ಮ ಎಲ್ಲರ ಹಿಂದೆ ನಿಂತು ಸೆರಗಿನ ತುದಿ ಕಚ್ಚಿಕೊಂಡಿದ್ದಳಂತೆ. ಚೆಲುವಾಜಿ ದಾರ ಬಿಚ್ಚಿ ಮೇಲಿನ ಮೊರ ಎತ್ತಿದಳು.

ಹುಳ ಎಲ್ಲಿದೆ? ಒಂದೂ ಇಲ್ಲ. ಮೇಲಿನ ಮೊರದ ಒಳಮೈಗೆ, ಸೊಂಟಕ್ಕೆ ಒಂದೊಂದು ನೂಲು ಕಟ್ಟಿಕೊಂಡು ಒರಗಿದ ಹಾಗೆ, ಖಾಲಿ ಗೂಡುಗಳು. ಅವುಗಳ ಪಕ್ಕದಲ್ಲೇ ಆಗತಾನೆ ಹೊರಬಂದ ಕಪ್ಪು ಚಿಟ್ಟೆಗಳು, ರೆಕ್ಕೆಯ ಮೇಲೆ ಬಿಳೀ ಚುಕ್ಕೆಯ ಸಾಲು. ಬೆಳಕು ಬಿದ್ದ ಕೂಡಲೇ ಒಂದೊಂದೇ ಮೊರದ ಅಂಚಿಗೆ ನಡೆದು ಬಂದು, ರೆಕ್ಕೆ ಬಿಡಿಸಿ ಮುಚ್ಚಿ ಬಿಡಿಸಿ, ಎದ್ದು ಹಾರಿದವಂತೆ. ಒಂದು ಚೆಲುವಾಜಿಯ ತುರುಬಿನ ಮೇಲೆ ಕೂತಿತಂತೆ. ಆಮೇಲೆ ಒಬ್ಬ ಮುದುಕಿ, ನನ್ನ ವಯಸ್ಸಿಗೆ ಇಂಥ ಬಾಗಿನ ನೋಡಿಲ್ಲ ಕಣವ್ವ, ಮಕ್ಕಳಿಲ್ಲದ ವಾರಗಿತ್ತಿಯ ಮಡಿಲಿಗೆ ಜೀವ ತುಂಬಿ ಕೊಟ್ಟಿದಾಳಲ್ಲ, ಈ ದೇವೀರಮ್ಮನ ಮನಸ್ಸು ಎಷ್ಟು ದೊಡ್ಡದಿರಬೇಕು ಅಂದಳಂತೆ.

ಚೆಲುವಾಜಿ ಕೆಳಗಿನ ಮೊರ ನೋಡಿದಳು. ಬೋಳಾದ ಕೊಂಬೆ, ಒಣಗಿದ ಹಿಕ್ಕೆ. ಬಳೆ ಇಲ್ಲ, ಅಕ್ಕಿ ಇಲ್ಲ. ಅವಳು ಸೋಮಾರಿಯಷ್ಟೇ, ದಡ್ಡಿಯಲ್ಲ. ತಲೆಯೆತ್ತಿ ಅಕ್ಕನ ಮುಖ ನೋಡಿದಳಂತೆ. ಆಮೇಲೆ ಮೊರವನ್ನು ಸೆರಗಿನಿಂದ ಮುಚ್ಚಿದಳಂತೆ.

ಮುತ್ತಿ ಎದ್ದು ಬಂದಳು. ಅವ್ವ, ಇದನ್ನು ನೀನಾ ತುಂಬಿದ್ದು ಅಂದಳು. ದೇವೀರಮ್ಮ ಕಚ್ಚಿಕೊಂಡಿದ್ದ ಸೆರಗು ಬಿಟ್ಟಳು. ಹೂಂ, ನಾನೇ ಅಂದಳಂತೆ. ಸುಳ್ಳಂತೂ ಅಲ್ಲವಲ್ಲ. ಮುತ್ತಿ ಅವಳ ಕೈ ಹಿಡಿದುಕೊಂಡು, ಗೋಡೆ ಹತ್ತದೆ ಬಾಗಿಲಿಂದಲೇ ಮನೆಗೆ ಬಂದು, ಅವ್ವನ ತಟ್ಟೆಯಲ್ಲೇ ಉಂಡು, ಅವ್ವನ ಮಗ್ಗುಲಲ್ಲೇ ಮಲಗಿದಳಂತೆ.

ಬೇಕಾದದ್ದು ಸಿಕ್ಕಿತಲ್ಲ, ಇನ್ನು ನಿದ್ದೆ ಮಾಡಬೇಕು ತಾನೆ? ಬರಲಿಲ್ಲವಂತೆ. ಮಗಳು ಬಂದದ್ದು ಆ ದೊಡ್ಡ ಮನಸ್ಸಿನ ದೇವೀರಮ್ಮನ ಹತ್ತಿರ. ಬೀದಿಯವರು ಹೊಗಳಿದ್ದೂ ಅವಳನ್ನೇ. ಚೆಲುವಾಜಿಯ ಮೇಲಿದ್ದ ಕಿಚ್ಚೆಲ್ಲ ಈಗ ಆ ಇನ್ನೊಬ್ಬ ದೇವೀರಮ್ಮನ ಮೇಲೆ ತಿರುಗಿತಂತೆ. ಅವಳಿಗೆ ಸಿಕ್ಕ ಪ್ರೀತಿ ನನಗೆ ಯಾವತ್ತು ಸಿಗುತ್ತೆ ಅಂತ ಮಗಳ ಪಕ್ಕದಲ್ಲೇ ಮಲಗಿ ಹೊಟ್ಟೆ ಉರಿದುಕೊಂಡಳಂತೆ.

ಬೆಳಿಗ್ಗೆ ಎಂದಿನ ಹಾಗೆ ಒಡಕು ಮಡಕೆ ಹಿಡಿದಳು, ಕೋಳಿಗಳು ಸಾಲು ನಿಂತವು. ಹುಳ ಆರಿಸಿ ಮಡಕೆ ಅರ್ಧ ಆಗಿತ್ತು, ಹಿಂದಿನಿಂದ ಮುತ್ತಿ ಕಣ್ಣುಜ್ಜಿಕೊಂಡು ಬಂದು, ಅವ್ವ, ಇವತ್ತು ಯಾರಿಗೆ ಬಾಗಿನ ಅಂದಳಂತೆ. ದೇವೀರಮ್ಮ ಮಗಳನ್ನು ನೋಡಿದಳು, ಮಡಕೆ ನೋಡಿದಳು, ಕೋಳಿಗಳನ್ನು ನೋಡಿದಳು. ಇಷ್ಟು ವರ್ಷ ಚಿಟ್ಟೆಗೆ ಅಂತ ಹಲುಬಿದ್ದು ಗೋಡೆಯಾಚೆ ನೋಡಿಕೊಂಡು, ದಿನಾ ಕೋಳಿಗೆ ಹಾಕಿದ್ದು ಆ ಚಿಟ್ಟೆಗಳನ್ನೇ. ಆಮೇಲೆ ಮೆಲ್ಲಗೆ, ಮರಕ್ಕೇ ಕಣೇ ಅಂದು, ಒಂದೊಂದೇ ಹುಳವನ್ನು ವಾಪಸ್ ಎಲೆಯ ಮೇಲೆ ಬಿಟ್ಟಳಂತೆ. ಕೋಳಿಗಳು ಸ್ವಲ್ಪ ಹೊತ್ತು ಕಾದು ತಿಪ್ಪೆ ಕೆದಕೋಕೆ ಹೋದವಂತೆ.

ಕೆಲವು ದಿನಕ್ಕೆ ಆ ಮೊರದ ಚಿಟ್ಟೆಗಳು ಗೋಡೆ ದಾಟಿ ಕರಿಬೇವಿಗೇ ಬಂದು, ಬಾಲ ಬಗ್ಗಿಸಿ ಎಳೇ ಎಲೆಗೆ ಮುಟ್ಟಿಸಿ, ರಾಗಿಕಾಳಿನಷ್ಟು ಮೊಟ್ಟೆ ಇಟ್ಟವಂತೆ. ಮರದ ತುಂಬ ತೂತಾಯಿತಂತೆ. ಏನಕ್ಕ, ಎಲೆಯೆಲ್ಲ ಜರಡಿ ಆಗಿದೆ, ಒಂದು ಸೇರು ಬೆಲ್ಲ ತೆಗಿ ಅಂದಳಂತೆ ಸಾಕಮ್ಮ. ತೂತಿಲ್ಲದ ಕರಿಬೇವು ಬೇಕಿದ್ದರೆ ಸಂತೆಗೆ ಹೋಗು, ಬೆಲ್ಲ ಬೇಕಿದ್ದರೆ ಒಳಗೆ ಬಾ ಅಂದಳಂತೆ ದೇವೀರಮ್ಮ. ಚೆಲುವಾಜಿ ಗೋಡೆಗೆ ಗಲ್ಲ ಊರಿ, ಈ ಸಲ ನಿಮ್ಮ ಕಡೆಯೇ ಜಾಸ್ತಿ ಅಕ್ಕ, ನನಗೆ ಹೊಟ್ಟೆಕಿಚ್ಚಾಗುತ್ತೆ ಅಂದಳಂತೆ. ಅದನ್ನು ಕೇಳಿ ದೇವೀರಮ್ಮನಿಗೆ ಎಷ್ಟು ಖುಷಿ ಆಯಿತೆಂದರೆ, ಆವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಳಂತೆ. ಮುತ್ತಿ ಬೆಳಿಗ್ಗೆ ಈ ಹಿತ್ತಲು, ಸಂಜೆ ಆ ಹಿತ್ತಲು. ಅವಳು ಹತ್ತಿಳಿದು ಹತ್ತಿಳಿದು ಮಣ್ಣಿನ ಗೋಡೆ ಅಲ್ಲೊಂದು ಕಡೆ ಕುಸಿದೇ ಹೋಯಿತು, ಯಾರೂ ಮತ್ತೆ ಕಟ್ಟಿಸಲಿಲ್ಲವಂತೆ.

ಆಮೇಲೆ ಮುಂದಿನ ವರ್ಷ ಗೌರಿ ಬಂದಳು. ದೇವೀರಮ್ಮ ಸೆರಗು ಮುಚ್ಚಿ ಬಾಗಿನ ಕೊಟ್ಟಳು. ಚೆಲುವಾಜಿಯ ಎರಡು ಕೈಯೂ ಕೆಳಗೆ ಜಗ್ಗಿದವಂತೆ. ಭಾರ ಇದೆಯಲ್ಲ ಅಕ್ಕ ಅಂದಳು.

ಹೋದ ವರ್ಷದ್ದೂ ಇದೆ ಅಂದಳಂತೆ ದೇವೀರಮ್ಮ.

ಸರಿ, ಈಗ ಕಣ್ಣು ಮುಚ್ಚು. ನಮ್ಮ ಕರಿಬೇವಿನಲ್ಲಿ ಹಕ್ಕಿ ಹಿಕ್ಕೆ ಹಾಗೆ ಕಾಣೋದು ಒಂದಿದೆ, ಅದು ಹಿಕ್ಕೆ ಅಲ್ಲ, ಎಳೇ ಹುಳ. ನಿಮ್ಮಮ್ಮ ಒಗ್ಗರಣೆಗೆ ಆ ಕೊಂಬೆ ಕೀಳದ ಹಾಗೆ ಕೆಂಪು ದಾರ ಕಟ್ಟಿ ಬಂದಿದೀನಿ. ಬೆಳಿಗ್ಗೆ ಇಬ್ಬರೂ ನೋಡೋಣ. ಎದುರುಮನೆ ಹುಡುಗನನ್ನೂ ಕರಿ. ಬೇಡವಾ? ಸರಿ, ಮೊದಲು ನೀನು ನೋಡು, ಆಮೇಲೆ ಕರಿ. ಅಲ್ಲಿಗೆ ಮೊರ ಬಿಚ್ಚಿತು, ಗೋಡೆ ಬಿತ್ತು, ಕತೆ ಮುಗೀತು.