ಎಡಗಣ್ಣಿನ ಬಂದೂಕು

ಹೊಳೆದಂಡೆಯ ಕುಲುಮೆಯೊಂದರಲ್ಲಿ ಏಕಾಂತಾಚಾರಿ ಎಂಬ ಗುರುಗಳಿದ್ದರು. ಬಂದೂಕು ರಿಪೇರಿ ಅವರ ಕಸುಬು. ಉಪದೇಶ ಕೇಳಲು ಬಂದವರಿಗೆ ಮೊದಲು ತಿದಿ ಒತ್ತಲು ಹೇಳುತ್ತಿದ್ದರು. ಅರ್ಧಕ್ಕರ್ಧ ಜನ ಮರುದಿನ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಉಳಿದುಕೊಂಡವನು ಮಾನಪ್ಪ. ಅವನ ಕೈ ಚುರುಕು. ಹೊಗಳಿಕೆ ಕೇಳುವ ಕಿವಿ ಇನ್ನೂ ಚುರುಕು.

ಒಂದು ಬೆಳಿಗ್ಗೆ ದುರುಗಪ್ಪ ಬಂದ. ಹೊಳೆಯಾಚೆಯ ಶೇಂಗಾ ಹೊಲಗಳನ್ನು ಹಂದಿಗಳಿಂದ ಕಾಯುವವನು. ಜೋಳದ ದಂಟು ಚುಚ್ಚಿ ಅವನ ಬಲಗಣ್ಣು ಹೋಗಿತ್ತು. ಕೈಯಲ್ಲಿ ಅಪ್ಪನ ಕಾಲದ ಬಂದೂಕು, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು.

"ಬಲಗಣ್ಣು ಹೋದ ಮ್ಯಾಲ ಬಲ ಹೆಗಲಿಗೆ ಇಟ್ಟು ಏನ್ ಮಾಡ್ಲಿ, ಆಚಾರ್ರ? ಎಡಗಡೆಯಿಂದ ಹೊಡಿಯೂಹಂಗ ಮಾಡಿ ಕೊಡ್ರಿ."

ಗುರುಗಳು ಶಿಷ್ಯನ ಕಡೆ ನೋಡಿದರು. "ನೀನ ಮಾಡು."

ಬಂದೂಕಿನ ಬಲಮಗ್ಗುಲಲ್ಲಿ ಕಿಡಿ ಹಾರಿಸುವ ಸಾಮಾನು ಇತ್ತು. ಅದರ ಪಕ್ಕದಲ್ಲಿ, ಕಿಡಿ ಒಳಗಿನ ಮದ್ದಿಗೆ ತಲುಪಲು ಒಂದು ಸಣ್ಣ ತೂತು. ಇದನ್ನೆಲ್ಲ ಎಡಮಗ್ಗುಲಿಗೆ ತರಬೇಕಿತ್ತು. ಮಾನಪ್ಪ ಎಡಕ್ಕೆ ಹೊಸ ತೂತು ಕೊರೆದು ಸಾಮಾನು ಕೂರಿಸಿದ. ಬಲಕ್ಕೆ ಹಳೆಯ ತೂತುಗಳು ಉಳಿದವು. ಮೊಳೆ ಹಿಡಿದಿದ್ದವು ಎರಡು, ಕಿಡಿ ಹೋಗುತ್ತಿದ್ದದ್ದು ಒಂದು.

ಅವನ್ನು ನೋಡಿದರೆ ಜನ ತನ್ನ ಕೆಲಸದಲ್ಲಿ ಕೊಂಕು ತೆಗೆಯುತ್ತಾರೆ ಅನ್ನಿಸಿತು ಮಾನಪ್ಪನಿಗೆ. ಎಲ್ಲಕ್ಕೂ ಸೀಸ ಬಡಿದು ತುಂಬಿದ, ಉಜ್ಜಿದ, ಎಣ್ಣೆಯಲ್ಲಿ ಕಾಡಿಗೆ ಕಲಸಿ ಬಳಿದ. ಯಾವುದು ತೂತು, ಯಾವುದು ಕಬ್ಬಿಣ ಎಂದು ಅವನಿಗೇ ಗೊತ್ತಾಗದಷ್ಟು ಚೆಂದ ಕಂಡಿತು.

ಆ ಕುಲುಮೆಯಲ್ಲೊಂದು ಕಟ್ಟಳೆ. ಕೆಲಸ ಮಾಡಿದವನೇ ಮೊದಲ ಗುಂಡು ಹಾರಿಸಬೇಕು. ಮಾನಪ್ಪ ಹೊಳೆಗೆ ಹೋಗಿ, ಅರ್ಧ ಮದ್ದು ಹಾಕಿ, ಹಾರಿಸಿ ಬಂದ.

"ಹೆಂಗ ಆತು?"

"ಚಲೋ ಆತ್ರಿ, ಗುರುಗಳ."

ಗುರುಗಳು ಬಂದೂಕಿನ ಬಲಮಗ್ಗುಲಿನ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳು ಕಪ್ಪಾಯಿತು. ಅದನ್ನು ಧೋತರಕ್ಕೆ ಒರೆಸಿಕೊಂಡು, "ದುರುಗಪ್ಪನ್ನ ಕರಿ," ಅಂದರು.

ದುರುಗಪ್ಪ ಬಂದವನೇ ಬಂದೂಕನ್ನು ತಿರುಗಿಸಿ ತಿರುಗಿಸಿ ನೋಡಿದ. "ಕೆಲಸ ಮಾಡಿದ್ದ ಗೊತ್ತಾಗೂದಿಲ್ಲಲ್ಲೋ ತಮ್ಮಾ. ಭಾರಿ ಕೈ ಐತಿ ನಿಂದು."

ಮಾನಪ್ಪ ಉಬ್ಬಿಹೋದ.

"ಹೆಗಲಿಗೆ ಇಟ್ಟು ನೋಡು, ದುರುಗಪ್ಪ," ಅಂದರು ಗುರುಗಳು. "ಖಾಲಿ ಐತಿ."

ದುರುಗಪ್ಪ ಎಡ ಹೆಗಲಿಗೆ ಇಟ್ಟು ಮರಕ್ಕೆ ಕೆನ್ನೆ ಹಚ್ಚಿದ. ಆಗ ಬಂದೂಕಿನ ಬಲಮಗ್ಗುಲು ಅವನ ಮುಖದ ಕಡೆ ಆಯಿತು. ಕಾಡಿಗೆ ಬಳಿದ ಜಾಗ, ಉಳಿದಿದ್ದ ಒಂದೇ ಕಣ್ಣಿನ ಹತ್ತಿರ ಬಂದು ನಿಂತಿತು.

ಸೀಸ ಕಿತ್ತುಬಂದರೆ ಸೀದಾ ಆ ಕಣ್ಣಿಗೇ ಎಂದು ಮಾನಪ್ಪನಿಗೆ ಆಗ ಹೊಳೆಯಿತು. ತಾನು ಹಾರಿಸಿದ್ದು ರೂಢಿಯಂತೆ ಬಲ ಹೆಗಲಿನಿಂದ. ಆಗ ಆ ಜಾಗ ತನ್ನ ಮುಖದ ಆಚೆಬದಿಗಿತ್ತು. ಅದು ನೆನಪಿಗೂ ಬಂದಿರಲಿಲ್ಲ.

ಹೇಳಿಬಿಡಬೇಕು ಅನ್ನಿಸಿತು. ಈಗಷ್ಟೇ ಹೊಗಳಿದವನ ಮುಂದೆ ಹೇಗೆ ಹೇಳುವುದು?

"ಮದ್ದು ತುಂಬಿ ಕೊಡ್ರಿ, ಇವತ್ತ ಒಯ್ತೀನಿ," ಅಂದ ದುರುಗಪ್ಪ. "ಹಂದಿ ಹೊಲಾನ ಕೆದರಿ ಹಾಕ್ಯಾವು."

"ತುಂಬು, ಮಾನಪ್ಪ," ಅಂದರು ಗುರುಗಳು. "ಪೂರಾ ತುಂಬು."

ಮಾನಪ್ಪ ಸುರಿದ ಮದ್ದು ನೆಲಕ್ಕೆ ಚೆಲ್ಲಿತು.

"ಚೆಲ್ಲಿದ್ದು ಬಿಡು. ಮತ್ತ ಹಾಕು."

ಹಾಕಿದ. ಗುಂಡು ಇಳಿಸಿದ. ಗುರುಗಳು ಅವನ ಕೈಯಿಂದ ಬಂದೂಕು ತೆಗೆದುಕೊಂಡು, ಅದನ್ನೊಮ್ಮೆ ಸವರಿ ನೋಡಿದರು. ದುರುಗಪ್ಪ ಕೈ ಚಾಚಿದ. ಗುರುಗಳು ಅವನಿಗೆ ಕೊಡಲಿಲ್ಲ, ತಿರುಗಿ ಮಾನಪ್ಪನಿಗೇ ಕೊಟ್ಟರು.

"ಮೊದಲ ಗುಂಡು ಕೆಲಸ ಮಾಡಿದಾಂವಂದು."

"ನಾ ಹೊಡದೀನ್ರೀ, ಗುರುಗಳ."

"ಯಾವ ಹೆಗಲಿಂದ?"

ಮಾನಪ್ಪ ಚೆಲ್ಲಿದ ಮದ್ದನ್ನು ಕಾಲಿನಿಂದ ಒತ್ತಟ್ಟಿಗೆ ಸರಿಸತೊಡಗಿದ.

"ಯಾವ ಹೆಗಲಿಂದ, ಕೇಳಿದೆ."

"ಬಲಗಡೆಯಿಂದ್ರಿ."

"ದುರುಗಪ್ಪ ಯಾವ ಹೆಗಲಿಂದ ಹೊಡೀತಾನ?"

ಮಾನಪ್ಪ ಬಂದೂಕನ್ನು ಎಡ ಹೆಗಲಿಗೆ ಇಟ್ಟ. ಕೆನ್ನೆ ಹಚ್ಚಿದ. ಎಣ್ಣೆ, ಕಾಡಿಗೆಯ ವಾಸನೆ ಮೂಗಿಗೆ ಬಡಿಯಿತು. ನಿನ್ನೆ ತಾನೇ ಬಳಿದದ್ದು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

"ಕಣ್ಣು ತಗಿ," ಅಂದರು ಗುರುಗಳು. "ಅಂವ ಕಣ್ಣು ಮುಚ್ಚಿ ಹಂದಿ ಹೊಡಿಯಾಂಗಿಲ್ಲ."

ಕಣ್ಣು ತೆರೆದ. ಬೆವರು ಇಳಿದು ಕಣ್ಣೊಳಗೆ ಹೋಯಿತು. ಬೆರಳು ಗುಂಡು ಹಾರಿಸುವ ಕುದುರೆಯ ಮೇಲಿತ್ತು, ಆದರೆ ಬೆರಳು ಅವನದಾಗಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತನೋ. ಕೊನೆಗೆ ಬಂದೂಕನ್ನು ಮೆಲ್ಲಗೆ ಇಳಿಸಿ ನೆಲದ ಮೇಲಿಟ್ಟ.

"ಆಗೂದಿಲ್ರೀ. ಅಲ್ಲಿ ಬರೇ ಸೀಸ ಐತ್ರಿ. ಕಾಣದಂಗ ಮಾಡೀನಿ. ತಡೀತೈತೋ ಇಲ್ಲೋ ಗೊತ್ತಿಲ್ರೀ."

ಗುರುಗಳು ಮುಷ್ಟಿ ಬಿಚ್ಚಿದರು. ಕಿಡಿ ಹಾರಿಸುವ ಚಕಮಕಿ ಕಲ್ಲು ಅವರ ಅಂಗೈಯಲ್ಲಿತ್ತು. ಅದಿಲ್ಲದೆ ಬಂದೂಕು ಹಾರುವಂತಿರಲಿಲ್ಲ.

ಗುರುಗಳು ಕಲ್ಲನ್ನು ಮತ್ತೆ ಕೂರಿಸಿದರು. ಬಂದೂಕನ್ನು ಕುಲುಮೆಯ ಮುಂದಿನ ಹುಣಸೆಮರದ ಬೊಡ್ಡೆಗೆ ಬಿಗಿದರು. ಕೆನ್ನೆ ಬರುವ ಜಾಗದಲ್ಲಿ, ತಲೆಯಷ್ಟು ದೊಡ್ಡ ಹಸಿ ಮಣ್ಣಿನ ಮುದ್ದೆ ಮೆತ್ತಿದರು. ಕುದುರೆಗೆ ಹಗ್ಗ ಕಟ್ಟಿ, ಎಲ್ಲರನ್ನೂ ಗೋಡೆಯ ಹಿಂದೆ ಕರೆದುಕೊಂಡು ಹೋಗಿ ಎಳೆದರು.

ಹೊಗೆ ಇಳಿದ ಮೇಲೆ ಹೋಗಿ ನೋಡಿದರು. ಮೊಳೆ ತೂತುಗಳ ಸೀಸ ಹಾಗೇ ಇತ್ತು. ಕಿಡಿ ತೂತು ಬಾಯಿ ತೆರೆದಿತ್ತು. ಮಣ್ಣಿನ ಮುದ್ದೆ ಒಂದು ಕಡೆ ಸುಟ್ಟು ಕಪ್ಪಾಗಿತ್ತು, ಅದರೊಳಗೆ ಸೀಸದ ಚೂರುಗಳು ಹೊಕ್ಕಿದ್ದವು.

ದುರುಗಪ್ಪ ಒಂದು ಚೂರನ್ನು ಉಗುರಿನಿಂದ ಕೆದಕಿ ತೆಗೆದು ಬಹಳ ಹೊತ್ತು ನೋಡಿದ.

"ಮದ್ದು ತುಂಬೂವಾಗನೂ ಸುಮ್ನ ಇದ್ದೆಲ್ಲೋ, ತಮ್ಮಾ," ಅಂದ.

ಕೆನ್ನೆಗೆ ಬಾರಿಸಿದ್ದರೆ ಮಾನಪ್ಪ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನು ಅತ್ತುಬಿಟ್ಟ.

ಗುರುಗಳು ಬೈಯಲಿಲ್ಲ. ಒಂದು ಉಕ್ಕಿನ ಸರಳನ್ನು ಅವನ ಮುಂದೆ ಹಾಕಿದರು. "ಸಾಮಾನು ಸರಿಸಿದ್ರ ಹಳೇ ತೂತು ಉಳದ ಉಳೀತಾವು. ಅದ್ರಾಗ ನಾಚಿಕಿ ಏನಿಲ್ಲ. ಮೊಳಿ ತೂತಿಗೆ ಸೀಸ ಸಾಕು. ಬೆಂಕಿ ಹಾದ ತೂತಿಗೆ ಉಕ್ಕಿನ ತಿರುಪು ಬೇಕು. ಕಂಡ್ರ ಕಾಣ್ಲಿ."

ಮಾನಪ್ಪ ತಿರುಪು ಕಡೆದು ಕಿಡಿ ತೂತಿಗೆ ತಿರುಗಿಸಿ ಕೂರಿಸಿದ. ಕಪ್ಪು ಕಬ್ಬಿಣದ ನಡುವೆ ಅದು ಬೆಳ್ಳಗೆ ಎದ್ದು ಕಾಣುತ್ತಿತ್ತು. ಕಾಡಿಗೆಯ ಬಟ್ಟಲನ್ನು ಅವನು ಮುಟ್ಟಲಿಲ್ಲ. ಬಂದೂಕನ್ನು ಬೊಡ್ಡೆಗೆ ಬಿಗಿದು, ಹೊಸ ಮಣ್ಣು ಮೆತ್ತಿ, ಪೂರಾ ಮದ್ದು ಹಾಕಿ ಹಗ್ಗ ಎಳೆದ. ಮಣ್ಣಿಗೆ ಏನೂ ಆಗಲಿಲ್ಲ.

ಮತ್ತೊಮ್ಮೆ ಮದ್ದು ತುಂಬಿ, ಈ ಸಲ ತಾನೇ ಎಡ ಹೆಗಲಿಗೆ ಇಟ್ಟ. ಕಣ್ಣು ತೆರೆದೇ ಇದ್ದ. ಮನಸ್ಸಿನಲ್ಲಿ ಕಂಡ ಕಂಡ ದೇವರಿಗೆಲ್ಲ ಕೈಮುಗಿದು ಕುದುರೆ ಎಳೆದ.

ಹೊಗೆಯೊಳಗಿಂದ ಹೊಳೆ ಕಂಡಿತು. ಹೊಳೆಯಾಚೆಯ ಹೊಲಗಳೂ ಕಂಡವು.

ದುರುಗಪ್ಪ ಮೊದಲು ಮಣ್ಣನ್ನು ನೋಡಿದ, ಆಮೇಲೆ ಮಾನಪ್ಪನ ಕಣ್ಣನ್ನು ನೋಡಿದ. ಬಂದೂಕು ತೆಗೆದುಕೊಂಡು ಹರಿಗೋಲು ಹತ್ತಿದ.

ಹರಿಗೋಲು ಆಚೆ ದಡ ಮುಟ್ಟುವವರೆಗೂ ಮಾನಪ್ಪ ನಿಂತೇ ಇದ್ದ.

"ಗುರುಗಳ, ಈ ಸಲ ಸರಿ ಮಾಡೀನ್ರೀ. ನನ್ನ ಕಣ್ಣು ಇಟ್ಟು ನೋಡೀನಿ. ಆದ್ರೂ ಅಂಜಿಕಿ ಹೋಗವಲ್ದರೀ."

ಗುರುಗಳು ಕೈಗೆ ಮೆತ್ತಿದ ಮಣ್ಣು ತೊಳೆದುಕೊಳ್ಳುತ್ತಿದ್ದರು.

"ಅಂಜಿಕಿ ಹೋದ ದಿನ ಬಂದು ಹೇಳು. ಅವತ್ತಿನಿಂದ ನಿನ್ನ ಕೈಯಾಗ ಬಂದೂಕು ಕೊಡೂದಿಲ್ಲ."