ಗೋಧಿ ಹುಲ್ಲಿನ ಗಂಟು

“ಗುರುಗಳೇ, ಹಿಮದ ಬೆಟ್ಟಗಳಾಚೆ ಉತ್ತರಕುರು ಎಂಬ ನಾಡಿದೆಯಂತೆ. ಅಲ್ಲಿ ಸಾವಿಲ್ಲ, ಅಳುವಿಲ್ಲ. ಅಲ್ಲಿಗೆ ಹೋಗಲು ಅಪ್ಪಣೆ ಕೊಡುವಿರಾ?” ಎಂದು ಶಿಷ್ಯ ಕಲ್ಲಯ್ಯ ಕೇಳಿದ. “ನನಗೆ ಯಾವ ಬಂಧನವೂ ಉಳಿದಿಲ್ಲ. ಅಕ್ಕ ವರ್ಷವರ್ಷ ಕಳಿಸುವ ಗಂಟುಗಳನ್ನೂ ಬಿಚ್ಚದೆ ಅಟ್ಟಕ್ಕೆ ಹಾಕಿದ್ದೇನೆ.”

“ಭಲೇ! ಹೋಗುವೆಯಂತೆ, ಅವಸರವೇನು? ಮೊದಲು ಕೂತು ಇದನ್ನು ಕೇಳು,” ಎಂದರು ಗುರುಗಳು.

ಸಮುದ್ರದ ದಡದ ಒಂದು ಊರಿಗೆ ಪ್ರತಿ ಸುಗ್ಗಿಯಲ್ಲೂ ಉತ್ತರದಿಂದ ಒಂದು ಗಂಟು ಬರುತ್ತಿತ್ತು. ಗೋಧಿ ಹುಲ್ಲಿನಲ್ಲಿ ಸುತ್ತಿದ ಗಂಟು. ಒಂದು ಊರಿನವರು ಅದನ್ನು ತಮ್ಮ ಗಡಿಯವರೆಗೆ ಹೊತ್ತು ತಂದು ಮುಂದಿನ ಊರಿನವರ ಕೈಗೆ ಕೊಡಬೇಕು, ಯಾರೂ ಬಿಚ್ಚಬಾರದು. ಅದು ಉತ್ತರಕುರುವಿನವರು ದೇವರಿಗೆ ಕಳಿಸುವ ಕಾಣಿಕೆ ಎಂದು ಎಲ್ಲರೂ ನಂಬಿದ್ದರು. ಸಮುದ್ರದ ಊರಿನಲ್ಲಿ ಅದನ್ನು ತಲೆಯ ಮೇಲೆ ಹೊತ್ತು ಗುಡಿಗೆ ಒಯ್ಯುತ್ತಿದ್ದವನು ಒಬ್ಬ ನೇಕಾರ.

ಆ ನೇಕಾರನ ಹೆಂಡತಿ ತೀರಿಹೋದಳು. ಮಗ್ಗದ ಮುಂದೆ ಕೂತರೆ ಕೈ ಓಡದು. ಸಾವಿಲ್ಲದ ನಾಡಿಗೇ ಹೋಗಿಬಿಡುತ್ತೇನೆ ಎಂದ. ನಿನ್ನ ಹಾಗೆಯೇ ಅವನಿಗೂ ದಾರಿ ಗೊತ್ತಿರಲಿಲ್ಲ. ಆದರೆ ಗಂಟು ಬರುವ ದಾರಿ ಇತ್ತಲ್ಲ! ಅದನ್ನೇ ಹಿಡಿದು ಹೊರಟ. ಊರೂರಲ್ಲೂ ಕೇಳಿದ. ನಮಗೆ ಮೇಲಿನ ಊರಿನವರು ಕೊಡುತ್ತಾರೆ ಎಂದರು ಎಲ್ಲರೂ. ಮೂರು ವರ್ಷ ನಡೆದ.

ಕೊನೆಯ ಊರಿನ ಕೊನೆಯ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಗೋಧಿ ಹುಲ್ಲು ಹೊಸೆಯುತ್ತಿದ್ದಳು.

“ತಾಯೀ, ದುಃಖವಿಲ್ಲದ ನಾಡು ಇದೇ ತಾನೇ?” ಎಂದ ನೇಕಾರ.

“ಅಯ್ಯೋ ನನ್ನಪ್ಪಾ, ಹಾಗೆಂದವರು ಯಾರು? ಕಾಣಿಕೆ ಹೊತ್ತು ದಕ್ಷಿಣದ ಗುಡಿಗೆ ಹೋದ ನನ್ನ ಮಗಳು ಮರಳಲೇ ಇಲ್ಲ. ಅಂದಿನಿಂದ ನಮ್ಮೂರಿನವರು ಯಾರನ್ನೂ ಕಳಿಸುವುದಿಲ್ಲ, ಗಂಟನ್ನಷ್ಟೇ ದಾಟಿಸುತ್ತಾರೆ. ಅದರೊಳಗೆ ಅವಳಿಗೆಂದು ಒಂದು ಹಿಡಿ ಹುರಿದ ಗೋಧಿ, ಒಂದು ಬಾಚಣಿಗೆ ಇಡುತ್ತೇನೆ. ನೀನು ಆ ಕಡೆಯವನಲ್ಲವೇ? ಅವಳ ಕೈಗೆ ಸೇರಿತೇನಪ್ಪಾ?”

ನೇಕಾರನಿಗೆ ಗುಡಿಯ ಅಟ್ಟ ನೆನಪಾಯಿತು. ತಾನೇ ಹೊತ್ತು ತಂದ ಹನ್ನೊಂದು ಗಂಟುಗಳು ಅಲ್ಲಿ ಕಟ್ಟಿದ ಹಾಗೆಯೇ ಇದ್ದವು. ಅವನು ಮುದುಕಿಯ ಕಾಲು ಹಿಡಿದು ಅತ್ತುಬಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಆಮೇಲೆ ಅವನಿಗೆ ಉತ್ತರಕುರು ಸಿಕ್ಕಿತೇ?” ಎಂದ ಕಲ್ಲಯ್ಯ.

“ಅದಿರಲಿ. ಈ ವರ್ಷದ ಗಂಟು ತಂದವನು ಬಾಗಿಲಲ್ಲಿ ಕೂತಿದ್ದಾನೆ. ನಿನ್ನ ಅಕ್ಕನಿಗೆ ಅವನು ಏನೆಂದು ಹೇಳಬೇಕು?”